ನೆರಳಿನ ಲೆಕ್ಕ, ದಾರಿಯ ಲೆಕ್ಕ

ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ಕಡೆಯ ನಮಗೆ ‘ತಲಿ ಸ್ಕ್ಯಾನ್ ಮಾಡಿಸ್ರಿ’ ಅನ್ನೋ ಮಾತು ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ಬೈಕಿನಿಂದ ಬಿದ್ದವರನ್ನು ಕರೆದುಕೊಂಡು ಹಾವೇರಿ, ಹುಬ್ಬಳ್ಳಿ, ದಾವಣಗೆರೆ ಅಂತ ಓಡುತ್ತೇವೆ. ಖರ್ಚಿನ ಚಿಂತೆ ಒಂದು ಕಡೆ, ಒಳಗೆ ರಕ್ತ ಸೋರಿದೆಯೋ ಎಂಬ ಭಯ ಇನ್ನೊಂದು ಕಡೆ.

ನಾವು ಓಡಿಹೋಗುವ ಆ ಸಿ.ಟಿ. ಯಂತ್ರದ ಹಿಂದೆ ಬೆಂಗಳೂರಿನ ಲೆಕ್ಕವೂ ಇದೆ. ಎಕ್ಸ್‌ರೇ ಕೊಡುವುದು ನೆರಳನ್ನಷ್ಟೇ. ಒಂದರ ಮೇಲೊಂದು ಬಿದ್ದು ಎಲ್ಲ ಕಲಸಿರುತ್ತದೆ. ಸಿ.ಟಿ. ಸುತ್ತಲಿಂದಲೂ ನೆರಳು ಹಿಡಿದು ಒಳಗಿನ ಒಂದೊಂದು ಪದರದ ಚಿತ್ರ ಕಟ್ಟುತ್ತದೆ. ನೆರಳುಗಳನ್ನು ಸುಮ್ಮನೆ ಕೂಡಿಸಿದರೆ ಚಿತ್ರ ಮಸುಕಾಗುತ್ತದೆ. ಆ ಮಸುಕನ್ನು ಕಡಿಮೆ ಲೆಕ್ಕದಲ್ಲಿ ಬೇಗ ತೆಗೆಯುವ ದಾರಿಯನ್ನು 1971ರಲ್ಲಿ ತೋರಿಸಿದವರು ಭಾರತೀಯ ವಿಜ್ಞಾನ ಸಂಸ್ಥೆಯ ಜಿ.ಎನ್. ರಾಮಚಂದ್ರನ್ ಮತ್ತು ಎ.ವಿ. ಲಕ್ಷ್ಮೀನಾರಾಯಣನ್. ಇಬ್ಬರ ಹೆಸರು ಸೇರಿದ ‘ರಾಮ್-ಲ್ಯಾಕ್ ಫಿಲ್ಟರ್’ ಅನ್ನು ಈ ವಿಷಯ ಓದುವವರು ಇಂದಿಗೂ ಕಲಿಯುತ್ತಾರೆ. ಸಿ.ಟಿ.ಗಾಗಿ 1979ರ ವೈದ್ಯಕೀಯ ನೊಬೆಲ್ ಸಂದಿದ್ದು ಹೌನ್ಸ್‌ಫೀಲ್ಡ್ ಮತ್ತು ಕಾರ್ಮ್ಯಾಕ್ ಅವರಿಗೆ.

ಇಂದಿನ ಯಂತ್ರ ಆ ಲೆಕ್ಕವನ್ನು ಸ್ವಲ್ಪ ಹೊತ್ತಿನಲ್ಲೇ ಮುಗಿಸುತ್ತದೆ. ನಮ್ಮ ಹಳ್ಳಿಯಿಂದ ಯಂತ್ರದ ತನಕ ಹೋಗುವುದೇ ತಡ. ತಲೆಗೆ ಪೆಟ್ಟು ಬಿದ್ದವರಿಗೆ ಒಂದೊಂದು ನಿಮಿಷವೂ ಬೇಕು. ವರದಿ ಬರೆಯಲು ಕೂತಾಗ ನಾವು ಕೇಳಬೇಕಾದ್ದು ಇಷ್ಟೇ: ಬಿದ್ದದ್ದು ಎಷ್ಟು ಹೊತ್ತಿಗೆ, ಸ್ಕ್ಯಾನ್ ಆದದ್ದು ಎಷ್ಟು ಹೊತ್ತಿಗೆ?