ಹಾಡು ಕಟ್ಟಿದ ಶಾಲೆ

ಅಮೆರಿಕದ ಟೆನೆಸೀ ರಾಜ್ಯದ ರಾಜಧಾನಿ ನ್ಯಾಶ್‌ವಿಲ್. ಆ ನಗರದ ಒಂದು ದಿಬ್ಬದ ಮೇಲೆ ಎತ್ತರವಾದ ಗೋಪುರವುಳ್ಳ ಹಳೆಯ ಇಟ್ಟಿಗೆಯ ಕಟ್ಟಡವೊಂದು ನಿಂತಿದೆ. ಫಿಸ್ಕ್ ವಿಶ್ವವಿದ್ಯಾಲಯಕ್ಕೆ ಸೇರಿದ ಈ ಕಟ್ಟಡದ ಹೆಸರು ಜ್ಯೂಬಿಲಿ ಹಾಲ್. ಒಳಗೆ ಗೋಡೆಯ ಮೇಲೆ ಆಳೆತ್ತರದ ವರ್ಣಚಿತ್ರವೊಂದನ್ನು ತೂಗುಹಾಕಲಾಗಿದೆ. ಎಡ್ಮಂಡ್ ಹ್ಯಾವೆಲ್ ಎಂಬ ಆಂಗ್ಲ ಚಿತ್ರಕಾರ 1873ರಲ್ಲಿ ಬರೆದ ಚಿತ್ರವದು. ಅದರಲ್ಲಿ ಇರುವವರು ರಾಜರಲ್ಲ, ದಾನಿಗಳಲ್ಲ. ಆ ಶಾಲೆಯ ತರುಣ ಗಾಯಕ ಗಾಯಕಿಯರು. ಅವರಲ್ಲಿ ಬಹುಮಂದಿ ಹುಟ್ಟಿನಿಂದ ಗುಲಾಮರಾಗಿದ್ದವರು. ಆ ಕಟ್ಟಡ ಎದ್ದು ನಿಂತದ್ದು ಅವರ ಹಾಡಿನ ಗಳಿಕೆಯಿಂದ.

ಕಾಲೇಜಿನ ಗಾಯನ ತಂಡಗಳು ಯುರೋಪಿನ ಪ್ರವಾಸಕ್ಕೆ ಹೋಗಿಬರುವುದು ಇಂದು ಅಪರೂಪದ ಸಂಗತಿಯಲ್ಲ. ಆದರೆ ಸುಮಾರು ನೂರೈವತ್ತು ವರ್ಷಗಳ ಹಿಂದೆ ಫಿಸ್ಕ್‌ನ ಈ ತಂಡ ಹಡಗು ಹತ್ತಿದಾಗ ಅದರ ಬೆನ್ನಿಗೆ ಒಂದು ಬಡ ಶಾಲೆಯ ಅಳಿವು ಉಳಿವಿನ ಪ್ರಶ್ನೆಯಿತ್ತು.

ಅಮೆರಿಕದ ಅಂತರ್ಯುದ್ಧ 1865ರಲ್ಲಿ ಮುಗಿಯಿತು. ದಕ್ಷಿಣದ ರಾಜ್ಯಗಳಲ್ಲಿ ದಾಸ್ಯದಲ್ಲಿದ್ದ ಸುಮಾರು 40 ಲಕ್ಷ ಕಪ್ಪು ಜನರಿಗೆ ಬಿಡುಗಡೆ ದೊರೆಯಿತು. ಗುಲಾಮರಿಗೆ ಓದು ಕಲಿಸುವುದನ್ನೇ ಅಪರಾಧವೆಂದು ಸಾರಿದ್ದ ರಾಜ್ಯಗಳು ಅಲ್ಲಿ ಹಲವಿದ್ದವು. ಹಾಗಾಗಿ ಬಿಡುಗಡೆಯಾದವರನ್ನು ಅಕ್ಷರದ ಹಸಿವು ಬಲವಾಗಿ ಕಾಡಿತು. 1866ರ ಜನವರಿಯಲ್ಲಿ ನ್ಯಾಶ್‌ವಿಲ್‌ನಲ್ಲಿ, ಸೈನ್ಯವು ಬಿಟ್ಟುಹೋಗಿದ್ದ ಆಸ್ಪತ್ರೆಯ ಮರದ ಬಿಡಾರಗಳಲ್ಲಿ, ಅಮೆರಿಕನ್ ಮಿಷನರಿ ಅಸೋಸಿಯೇಶನ್ ಎಂಬ ಸಂಸ್ಥೆಯ ಆಶ್ರಯದಲ್ಲಿ ಶಾಲೆ ತೆರೆಯಿತು. ನೆರವಿತ್ತ ಜನರಲ್ ಕ್ಲಿಂಟನ್ ಫಿಸ್ಕ್ ಅವರ ಹೆಸರನ್ನು ಅದಕ್ಕೆ ಇಡಲಾಯಿತು. ಏಳು ವರ್ಷದ ಮಕ್ಕಳ ಜೊತೆಯಲ್ಲಿ ಎಪ್ಪತ್ತು ವರ್ಷದ ಮುದುಕರೂ ಕುಳಿತು ಅಕ್ಷರ ತಿದ್ದಿದರು. ಗುಲಾಮರನ್ನು ಕೂಡಿಹಾಕುತ್ತಿದ್ದ ಹಟ್ಟಿಯಲ್ಲಿ ಬಿದ್ದಿದ್ದ ತುಕ್ಕು ಹಿಡಿದ ಕೋಳಗಳನ್ನು ಗುಜರಿಗೆ ಮಾರಿ, ಬಂದ ಹಣದಲ್ಲಿ ಕಾಗುಣಿತದ ಪುಸ್ತಕಗಳನ್ನು ಕೊಂಡರೆಂಬ ಸಂಗತಿಯನ್ನು ಫಿಸ್ಕ್‌ನವರು ಇಂದಿಗೂ ನೆನೆಯುತ್ತಾರೆ.

ಐದು ವರ್ಷ ಕಳೆಯುವಷ್ಟರಲ್ಲಿ ಬಿಡಾರಗಳು ಶಿಥಿಲವಾದವು. ಹಲಗೆಯ ಸಂದುಗಳಿಂದ ಚಳಿಗಾಳಿ ನುಗ್ಗುತ್ತಿತ್ತು, ಸಾಲ ಏರುತ್ತಿತ್ತು. ಶಾಲೆಯನ್ನು ಮುಚ್ಚುವ ಮಾತು ಕೇಳಿಬಂದಿತು. ಆಗ ಖಜಾಂಚಿಯಾಗಿದ್ದವರು ಜಾರ್ಜ್ ವೈಟ್ ಎಂಬ ಬಿಳಿಯ ಅಧ್ಯಾಪಕರು. ಕಮ್ಮಾರನ ಮಗನಾಗಿ ಹುಟ್ಟಿ, ಯುದ್ಧದಲ್ಲಿ ಹೋರಾಡಿ ಬಂದಿದ್ದ ಅವರು ಲೆಕ್ಕದ ಪುಸ್ತಕವನ್ನು ನೋಡಿಕೊಳ್ಳುವುದರ ಜೊತೆಗೆ ಮಕ್ಕಳಿಗೆ ಸಂಗೀತವನ್ನೂ ಕಲಿಸುತ್ತಿದ್ದರು. ಅವರಿಗೆ ಬೆಂಬಲವಾಗಿ ನಿಂತವರು ಎಲಾ ಶೆಪರ್ಡ್ ಎಂಬ ವಿದ್ಯಾರ್ಥಿನಿ. ಪಿಯಾನೊ ನುಡಿಸುವುದು, ತಂಡವನ್ನು ತಿದ್ದುವುದು ಆಕೆಯ ಹೊಣೆ.

ಎಲಾ ಹುಟ್ಟಿದ್ದು 1851ರಲ್ಲಿ, ಗುಲಾಮಳಾಗಿ. ದಾಸ್ಯದ ಬಾಳಿಗೆ ಬೇಸತ್ತ ತಾಯಿ ಮಗುವನ್ನು ಎತ್ತಿಕೊಂಡು ನದಿಗೆ ಹಾರಲು ಹೊರಟಿದ್ದಳು. ಒಬ್ಬ ಮುದುಕಿ ಅಡ್ಡಬಂದು, ಈ ಮಗು ಒಂದು ದಿನ ರಾಜರ ಮುಂದೆ ನಿಲ್ಲುವುದೆಂದು ಹೇಳಿ ತಡೆದಳು ಎಂಬ ಕಥೆ ಆ ಮನೆತನದಲ್ಲಿ ಉಳಿದುಬಂದಿತ್ತು. ತಂದೆ ದುಡಿದು ಕೂಡಿಟ್ಟ 350 ಡಾಲರ್ ತೆತ್ತು ಮಗಳನ್ನು ಬಿಡಿಸಿಕೊಂಡನು. ತಾಯಿಯನ್ನು ಮಾತ್ರ ಯಜಮಾನರು ಬಿಡಲಿಲ್ಲ. ತಾಯಿ ಮಗಳು ಮತ್ತೆ ಸೇರಿದ್ದು ಯುದ್ಧ ಮುಗಿದ ಮೇಲೆ.

ಮೊದಲಿಗೆ ತಂಡ ಅಭ್ಯಾಸ ಮಾಡುತ್ತಿದ್ದುದು ಆ ಕಾಲದ ಸಭೆಗಳಲ್ಲಿ ಮೆಚ್ಚುಗೆ ಪಡೆದಿದ್ದ ಯುರೋಪಿನ ಗೀತೆಗಳನ್ನು. ಹತ್ತಿಯ ಹೊಲಗಳಲ್ಲಿ, ರಾತ್ರಿಯ ಗುಟ್ಟಿನ ಪ್ರಾರ್ಥನೆಗಳಲ್ಲಿ ತಂದೆತಾಯಂದಿರು ಹಾಡಿಕೊಂಡಿದ್ದ ಹಾಡುಗಳು ಅವರಿಗೆ ಬರುತ್ತಿರಲಿಲ್ಲವೆಂದಲ್ಲ. ಅವು ಹಿರಿಯರಿಗೆ ಪವಿತ್ರವಾಗಿದ್ದವು. ದಾಸ್ಯದ ದಿನಗಳ ನೋವಿನೊಂದಿಗೆ ಹೆಣೆದುಕೊಂಡಿದ್ದವು. ಪರರ ಎದುರಿಗೆ ಅವನ್ನು ಬಿಚ್ಚಿಡಲು ವಿದ್ಯಾರ್ಥಿಗಳಿಗೆ ಮನಸ್ಸಿರಲಿಲ್ಲ. ಬಿಡುವಿನ ವೇಳೆಯಲ್ಲಿ ಕೋಣೆಯ ಬಾಗಿಲು ಹಾಕಿಕೊಂಡು, ತಗ್ಗಿದ ದನಿಯಲ್ಲಿ ಹಾಡಿಕೊಳ್ಳುತ್ತಿದ್ದರು. ವೈಟ್ ಅವನ್ನು ಕೇಳಿ ಮನಸೋತರು. ಇನ್ನಷ್ಟು ಹಾಡುಗಳನ್ನು ನೆನಪಿಸಿಕೊಳ್ಳುವಂತೆ ಒತ್ತಾಯಿಸಿದರು. ಯಾವ ಪುಸ್ತಕದಲ್ಲಿಯೂ ಇಲ್ಲದ ಹಾಡುಗಳು ಹೀಗೆ ಒಂದೊಂದಾಗಿ ಹೊರಬಂದವು.

1871ರ ಅಕ್ಟೋಬರ್ 6ರಂದು ಒಂಬತ್ತು ಮಂದಿ ಗಾಯಕರ ತಂಡ ನ್ಯಾಶ್‌ವಿಲ್ ಬಿಟ್ಟು ಹೊರಟಿತು. ಮಾತೃಸಂಸ್ಥೆಯ ಬೆಂಬಲ ಸಿಗಲಿಲ್ಲ. ಬೊಕ್ಕಸದಲ್ಲಿ ಉಳಿದಿದ್ದ ಅಲ್ಪಸ್ವಲ್ಪ ಹಣವೇ ದಾರಿಯ ಬುತ್ತಿಯಾಯಿತು. ಹೊರಟ ಕೆಲವೇ ದಿನಗಳಲ್ಲಿ ಶಿಕಾಗೊ ನಗರ ಭೀಕರ ಬೆಂಕಿಗೆ ತುತ್ತಾಯಿತು. ಕೈಯಲ್ಲಿ ಕಾಸಿಲ್ಲದಿದ್ದರೂ ಒಂದು ಸಭೆಯ ಗಳಿಕೆಯನ್ನು ತಂಡವು ಅಲ್ಲಿನ ಸಂತ್ರಸ್ತರಿಗೆ ಕೊಟ್ಟುಬಿಟ್ಟಿತು. ಹೋಟೆಲುಗಳು ಬಾಗಿಲು ಮುಚ್ಚಿದವು, ರೈಲುಗಳಲ್ಲಿ ಅವಮಾನವಾಯಿತು. ಬಿಳಿಯ ನಟರು ಮುಖಕ್ಕೆ ಮಸಿ ಬಳಿದುಕೊಂಡು ಕಪ್ಪು ಜನರನ್ನು ಅಣಕಿಸುವ ಆಟಗಳನ್ನು ನೋಡಿ ಪಳಗಿದ್ದ ಪ್ರೇಕ್ಷಕರು ಇವರಿಂದಲೂ ನಗೆಯಾಟವನ್ನೇ ನಿರೀಕ್ಷಿಸಿದರು. ಓಹಾಯೊ ರಾಜ್ಯದ ಕೊಲಂಬಸ್‌ನಲ್ಲಿ ಎದೆಗುಂದಿದ ತಂಡಕ್ಕೆ ವೈಟ್ ಹೊಸ ಹೆಸರನ್ನು ಇಟ್ಟರು. ಬೈಬಲ್‌ನ ಯಾಜಕಕಾಂಡದಲ್ಲಿ ಐವತ್ತನೆಯ ವರ್ಷ ದಾಸರೆಲ್ಲ ಬಿಡುಗಡೆ ಹೊಂದುವ ಜ್ಯೂಬಿಲಿ ವರ್ಷ. ಅದರಿಂದ ಅವರು ಜ್ಯೂಬಿಲಿ ಗಾಯಕರಾದರು. ಹಿರಿಯರ ಹಾಡುಗಳಿಗೆ ಕಾರ್ಯಕ್ರಮದಲ್ಲಿ ಸ್ಥಾನ ಹೆಚ್ಚಿದಂತೆಲ್ಲ ಸಭಾಂಗಣಗಳು ತುಂಬತೊಡಗಿದವು. ಡಿಸೆಂಬರ್‌ನಲ್ಲಿ ಬ್ರೂಕ್ಲಿನ್‌ನ ಚರ್ಚೊಂದರಲ್ಲಿ ಹಾಡಿದ ಮೇಲೆ ಕೀರ್ತಿ ಹರಡಿತು. ಮರುವರ್ಷ ಶ್ವೇತಭವನದಲ್ಲಿ ಅಧ್ಯಕ್ಷ ಗ್ರಾಂಟ್ ಅವರ ಮುಂದೆ ಹಾಡಿದರು. ಈ ಮೊದಲ ಪ್ರವಾಸದಿಂದ 20,000 ಡಾಲರ್ ಕೂಡಿತು. ಶಾಲೆಯ ಸಾಲ ತೀರಿತು.

ಸಾಲ ತೀರಿದರೂ ಕಟ್ಟಡವಿರಲಿಲ್ಲ. 1873ರ ವಸಂತದಲ್ಲಿ ಹನ್ನೊಂದು ಮಂದಿಯ ತಂಡ ಬಾಸ್ಟನ್‌ನಿಂದ ಇಂಗ್ಲೆಂಡಿಗೆ ಹಡಗು ಹತ್ತಿತು. ಮೇ 6ರಂದು ಲಂಡನ್ನಿನ ವಿಲ್ಲಿಸಸ್ ರೂಮ್ಸ್ ಎಂಬ ಸಭಾಂಗಣದಲ್ಲಿ, ಶಾಫ್ಟ್ಸ್‌ಬರಿ ಪ್ರಭುವಿನ ಆಶ್ರಯದಲ್ಲಿ, ಆಹ್ವಾನಿತರ ಮುಂದೆ ಮೊದಲ ಗಾಯನ ನಡೆಯಿತು. ಅದನ್ನು ಮೆಚ್ಚಿದ ಆರ್ಗೈಲ್‌ನ ಡ್ಯೂಕ್ ಮರುದಿನವೇ ಅವರನ್ನು ಕೆನ್ಸಿಂಗ್ಟನ್‌ನ ತನ್ನ ಮನೆಗೆ ಬರಮಾಡಿಕೊಂಡನು. ಅಲ್ಲಿಗೆ ವಿಕ್ಟೋರಿಯಾ ರಾಣಿಯೂ ಬಂದಳು. ತಂಡ ‘ಸ್ಟೀಲ್ ಅವೇ’ ಹಾಡಿತು. ಕರ್ತನ ಪ್ರಾರ್ಥನೆಯನ್ನು ರಾಗವಾಗಿ ಪಠಿಸಿತು. ಈಜಿಪ್ಟಿನ ದಾಸ್ಯದಿಂದ ತನ್ನ ಜನರನ್ನು ಬಿಡುಗಡೆ ಮಾಡಿಸಿದ ಮೋಶೆಯ ಹಾಡನ್ನೂ ಹಾಡಿತು. ಇವರ ಗಾಯನದ ಮೆಚ್ಚುಗೆ ರಾಣಿಯ ದಿನಚರಿಯಲ್ಲಿ ದಾಖಲಾಗಿದೆ. ನದಿಯ ದಡದಲ್ಲಿ ಮುದುಕಿ ಆಡಿದ ಮಾತನ್ನು ಕೇಳುತ್ತ ಬೆಳೆದಿದ್ದ ಎಲಾ ಅಂದು ರಾಣಿಯ ಎದುರಿಗಿದ್ದರು.

ಪ್ರಧಾನಿ ಗ್ಲ್ಯಾಡ್‌ಸ್ಟನ್ ತಂಡವನ್ನು ಉಪಾಹಾರಕ್ಕೆ ಕರೆದರು. ಮೇಜಿನ ಸುತ್ತ ಗಾಯಕರನ್ನು ಇತರ ಅತಿಥಿಗಳ ನಡುನಡುವೆಯೇ ಕುಳ್ಳಿರಿಸಲಾಯಿತು. ತಮ್ಮ ದೇಶದಲ್ಲಿ ಊಟದ ಕೋಣೆಯಿಂದ ಹೊರಗೆ ನಿಂತು ಬಂದವರಿಗೆ ಇದು ಹಾಡಿಗೆ ದೊರೆತ ಚಪ್ಪಾಳೆಗಿಂತ ದೊಡ್ಡದಾಗಿತ್ತು. ಬೋಧಕ ಸ್ಪರ್ಜನ್ನರ ಲಂಡನ್ನಿನ ವಿಶಾಲ ಪ್ರಾರ್ಥನಾಮಂದಿರದಲ್ಲಿ ಸಾವಿರಾರು ಮಂದಿ ಅವರನ್ನು ಕೇಳಿದರು. ದಾಸ್ಯವ್ಯಾಪಾರದ ವಿರುದ್ಧ ಸಂಸತ್ತಿನಲ್ಲಿ ಹೋರಾಡಿದ ವಿಲ್ಬರ್‌ಫೋರ್ಸ್ ಹುಟ್ಟಿದ ಹಲ್ ಪಟ್ಟಣದಲ್ಲಿ ಹಾಡಿದರು; ಅಲ್ಲಿಂದ ಉತ್ತರಕ್ಕೆ ಸ್ಕಾಟ್ಲೆಂಡಿಗೆ ಸಾಗಿದರು.

ಸ್ಕಾಟ್ಲೆಂಡಿನ ಚಳಿಗಾಲ ತಂಡಕ್ಕೆ ಕಹಿಯಾಯಿತು. 1874ರ ಫೆಬ್ರವರಿಯಲ್ಲಿ ಗ್ಲ್ಯಾಸ್ಗೊ ನಗರದಲ್ಲಿ ವೈಟ್ ಅವರ ಪತ್ನಿ ವಿಷಮಜ್ವರದಿಂದ ತೀರಿಕೊಂಡರು. ವೈಟ್ ಅವರೂ ಎದೆಯ ಬೇನೆಯಿಂದ ಹಾಸಿಗೆ ಹಿಡಿದರು. ಅಭ್ಯಾಸದ ಭಾರ ಎಲಾ ಅವರ ಹೆಗಲಿಗೆ ಬಿದ್ದಿತು. ಗೊತ್ತುಪಡಿಸಿದ ಸಭೆಗಳನ್ನು ಬಿಡುವಂತಿರಲಿಲ್ಲ, ಏಕೆಂದರೆ ಅತ್ತ ನ್ಯಾಶ್‌ವಿಲ್‌ನಲ್ಲಿ 1873ರ ಅಕ್ಟೋಬರ್ 1ರಂದೇ ಕಟ್ಟಡಕ್ಕೆ ಅಡಿಗಲ್ಲು ಬಿದ್ದಿತ್ತು. ಇಲ್ಲಿ ಗಾಯನ ನಿಂತರೆ ಅಲ್ಲಿ ಗೋಡೆ ನಿಲ್ಲುವುದೆಂಬುದು ಎಲ್ಲರಿಗೂ ತಿಳಿದಿತ್ತು. ಬ್ರಿಟನ್ನಿನ ಪ್ರವಾಸದಿಂದ ಸುಮಾರು 50,000 ಡಾಲರ್ ಸೇರಿತು. 1876ರ ಜನವರಿ 1ರಂದು ಜ್ಯೂಬಿಲಿ ಹಾಲ್‌ನ ಪ್ರತಿಷ್ಠಾಪನೆ ನಡೆಯಿತು. ಅಮೆರಿಕದ ದಕ್ಷಿಣದಲ್ಲಿ ಕಪ್ಪು ಜನರ ಶಿಕ್ಷಣಕ್ಕಾಗಿ ಕಟ್ಟಿದ ಮೊದಲ ಶಾಶ್ವತ ಕಟ್ಟಡಗಳಲ್ಲಿ ಅದೂ ಒಂದು.

ಆ ದಿನ ತಂಡ ಊರಿನಲ್ಲಿರಲಿಲ್ಲ. 1875ರಲ್ಲಿಯೇ ಮತ್ತೆ ಸಮುದ್ರ ದಾಟಿ ಬ್ರಿಟನ್ನಿನಲ್ಲಿ ಹಾಡುತ್ತಿತ್ತು. ಈ ಎರಡನೆಯ ಪ್ರವಾಸ ಮೂರು ವರ್ಷಗಳವರೆಗೆ ಬೆಳೆಯಿತು. 1877ರ ಆರಂಭದಲ್ಲಿ ಅವರು ಹಾಲೆಂಡಿಗೆ ಹೋದರು, ಅದೇ ವರ್ಷದ ಶರತ್ಕಾಲದಲ್ಲಿ ಜರ್ಮನಿಗೆ. ಇಲ್ಲಿ ಹೊಸದೊಂದು ಅಳುಕು ಎದುರಾಯಿತು. ಇಂಗ್ಲಿಷ್ ಬಲ್ಲವರ ನಡುವೆ ಹಾಡಿನ ಮಾತೇ ಅರ್ಧ ಕೆಲಸ ಮಾಡುತ್ತಿತ್ತು. ಡಚ್ ಮತ್ತು ಜರ್ಮನ್ ಆಡುವ ಊರುಗಳಲ್ಲಿ, ತೋಟದ ಗುಲಾಮರ ನಾಲಿಗೆಯಲ್ಲಿ ರೂಪುಗೊಂಡ ಈ ನುಡಿ ಯಾರ ಕಿವಿಗೆ ಹತ್ತೀತು? ಹಾಡುಗಳ ಅನುವಾದವನ್ನು ಅಚ್ಚುಮಾಡಿಸಿ ಕೇಳುಗರಿಗೆ ಹಂಚಿದರು. ಆದರೆ ಹಾಡುವಾಗ ಒಂದು ಪದವನ್ನೂ ಬದಲಿಸಲಿಲ್ಲ. ತಾಯಂದಿರಿಂದ ಬಂದ ನುಡಿಯಲ್ಲಿಯೇ ಹಾಡಿದರು. ಹಾಲೆಂಡಿನ ಚರ್ಚುಗಳು ತುಂಬಿದವು. ಸಂಗೀತದ ವಿಷಯದಲ್ಲಿ ಬಿಗುಮಾನದವರೆಂದು ಹೆಸರಾದ ಜರ್ಮನ್ ವಿಮರ್ಶಕರು, ತಗ್ಗಿದ ದನಿಯಲ್ಲಿಯೂ ಸ್ವರಶುದ್ಧಿ ಕೆಡದ ಇವರ ಗಾಯನವನ್ನು ತಮ್ಮ ಪತ್ರಿಕೆಗಳಲ್ಲಿ ಕೊಂಡಾಡಿದರು. ಪಾಟ್ಸ್‌ಡ್ಯಾಮ್‌ನ ಅರಮನೆಯಲ್ಲಿ ಯುವರಾಜ ಫ್ರೆಡರಿಕ್ ಮತ್ತು ಅವನ ಪತ್ನಿ ಅವರನ್ನು ಕರೆಸಿ ಕೇಳಿದರು. ಆ ಯುವರಾಣಿ ವಿಕ್ಟೋರಿಯಾ ರಾಣಿಯ ಹಿರಿಯ ಮಗಳು. ಲೂಥರನ ಊರೆಂದು ಪ್ರಸಿದ್ಧವಾದ ವಿಟೆನ್‌ಬರ್ಗ್‌ನಲ್ಲಿಯೂ ಆ ಹಾಡುಗಳು ಕೇಳಿಸಿದವು.

ಆದರೆ ದೇಹಗಳು ದಣಿದಿದ್ದವು. ಊರಿಂದೂರಿಗೆ ರೈಲು, ರಾತ್ರಿಯ ಸಭೆ, ಬೆಳಗಾದರೆ ಮತ್ತೆ ಪಯಣ. ಹೀಗೆ ಏಳು ವರ್ಷಗಳು ಕಳೆದಿದ್ದವು. ಮೊದಲ ತಂಡದ ಬೆಂಜಮಿನ್ ಹೋಮ್ಸ್ ಕ್ಷಯಕ್ಕೆ ಬಲಿಯಾಗಿದ್ದರು. ತಂಡದೊಳಗೆ ಮನಸ್ತಾಪಗಳೂ ಹುಟ್ಟಿದ್ದವು. ಕೊನೆಗೆ 1878ರಲ್ಲಿ ಹ್ಯಾಂಬರ್ಗ್ ನಗರದಲ್ಲಿ ತಂಡ ವಿಸರ್ಜನೆಯಾಯಿತು. ಆ ಏಳು ವರ್ಷಗಳ ಒಟ್ಟು ಗಳಿಕೆ ಸುಮಾರು 1,50,000 ಡಾಲರ್. ಅದು ಶಾಲೆಗೆ ಸಂದಿತು.

ಶಾಲೆ ಉಳಿಯಿತು. ಆದರೆ ಹಾಡಲು ಹೊರಟವರು ಓದನ್ನು ನಡುವೆಯೇ ಬಿಟ್ಟು ಹೋಗಿದ್ದರು. ಅವರಲ್ಲಿ ಹಲವರಿಗೆ ಅದನ್ನು ಮುಂದುವರಿಸಲು ಆಗಲೇ ಇಲ್ಲ. ತಾವು ಕಟ್ಟಿದ ಕಟ್ಟಡದ ತರಗತಿಗಳಲ್ಲಿ ಕುಳಿತು ಕಲಿಯುವ ಭಾಗ್ಯ ಅವರದಾಗಲಿಲ್ಲ. ಐಸಾಕ್ ಡಿಕರ್ಸನ್ ಎಡಿನ್‌ಬರೊದಲ್ಲಿ ಓದಿ, ಬೋಧಕರಾಗಿ ಇಂಗ್ಲೆಂಡಿನಲ್ಲಿಯೇ ನೆಲೆಸಿದರು. ಥಾಮಸ್ ರಟ್ಲಿಂಗ್ ಕೂಡ ಯುರೋಪಿನಲ್ಲಿಯೇ ಉಳಿದು ಇಂಗ್ಲೆಂಡಿನ ಹ್ಯಾರೊಗೇಟ್‌ನಲ್ಲಿ ಬಾಳು ಮುಗಿಸಿದರು. 1875ರಲ್ಲಿ ತಂಡ ಸೇರಿದ್ದ ಫ್ರೆಡರಿಕ್ ಲೌಡಿನ್ ಮುಂದೆ ತಮ್ಮದೇ ತಂಡ ಕಟ್ಟಿಕೊಂಡು ಲೋಕಸಂಚಾರ ಹೊರಟರು. ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಸುತ್ತಿ ಅವರು ಭಾರತಕ್ಕೂ ಬಂದರು. ಆಗ್ರಾದ ತಾಜಮಹಲಿನ ಗುಮ್ಮಟದ ಕೆಳಗೆ ಆ ದಾಸ್ಯದ ದಿನಗಳ ಹಾಡು ಕೇಳಿಬಂದಿತು. ಎಲಾ ನ್ಯಾಶ್‌ವಿಲ್‌ಗೆ ಮರಳಿ, ತಾಯಿಯನ್ನು ತಮ್ಮ ಬಳಿಗೆ ಕರೆತಂದು, ಮುಂದಿನ ತಲೆಮಾರಿನ ಗಾಯಕರಿಗೆ ಹಾಡುಗಳನ್ನು ಕಲಿಸಿದರು.

ಶಾಲೆಯೆಂದರೆ ಮನೆಯಲ್ಲಿಲ್ಲದ ವಿದ್ಯೆಯನ್ನು ಕೊಡುವ ತಾಣ. ಫಿಸ್ಕ್‌ನ ಮಕ್ಕಳೂ ಅದನ್ನೇ ನೆಚ್ಚಿ ಬಂದಿದ್ದರು. ಗ್ರೀಕ್, ಲ್ಯಾಟಿನ್, ಗಣಿತಗಳನ್ನು ಕಲಿತರು. ಆದರೆ ಶಾಲೆಗೆ ಕಷ್ಟ ಬಂದಾಗ ಅದನ್ನು ಕಾಯ್ದದ್ದು ಅವರು ಮನೆಯಿಂದ ತಂದಿದ್ದ ಗಂಟು. ಅದನ್ನು ಹೊರಗೆ ತೆಗೆಯಲು ಅವರು ಬಹಳ ಹಿಂಜರಿದಿದ್ದರು. ಕಲಿಸುವವರೊಬ್ಬರು ಕಿವಿಗೊಟ್ಟು ಕೇಳಿದ್ದರಿಂದ ಅದು ಹೊರಬಂದಿತು. ಮಕ್ಕಳನ್ನು ಶಾಲೆಗೆ ಕಳುಹಿಸುವ ಮನೆಗಳೂ ಅವರನ್ನು ಬರಮಾಡಿಕೊಳ್ಳುವ ಶಾಲೆಗಳೂ ನೆನಪಿಡಬೇಕಾದ ಸಂಗತಿಯಿದು.

ಜ್ಯೂಬಿಲಿ ಗಾಯಕರ ಪರಂಪರೆ ಇಂದಿಗೂ ಮುಂದುವರಿದಿದೆ. ಅವರ ನೂರೈವತ್ತನೆಯ ವರ್ಷದ ಧ್ವನಿಮುದ್ರಿಕೆಗೆ 2021ರಲ್ಲಿ ಗ್ರ್ಯಾಮಿ ಪ್ರಶಸ್ತಿ ಬಂದಿತು. ಪ್ರತಿ ವರ್ಷ ಅಕ್ಟೋಬರ್ 6ನ್ನು ಫಿಸ್ಕ್‌ನಲ್ಲಿ ಜ್ಯೂಬಿಲಿ ದಿನವೆಂದು ಆಚರಿಸುತ್ತಾರೆ. ಅಂದು ಈಗಿನ ಗಾಯಕರು ನ್ಯಾಶ್‌ವಿಲ್‌ನ ಸ್ಮಶಾನಗಳಿಗೆ ಹೋಗುತ್ತಾರೆ. ಅಲ್ಲಿ ಮಲಗಿರುವ ಮೊದಲ ಗಾಯಕರ ಸಮಾಧಿಗಳ ಮುಂದೆ ನಿಂತು, ಅವರು ಹಾಡಿದ್ದನ್ನೇ ಅವರಿಗಾಗಿ ಹಾಡಿ ಬರುತ್ತಾರೆ.