ಕೀಲೆಣ್ಣೆಯ ಲೆಕ್ಕ

ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎಂಬ ಗಾದೆ ಮನುಷ್ಯರಿಗಷ್ಟೇ ಅಲ್ಲ, ಮೋಟಾರು ವಾಹನದ ಅಂಗಾಂಗಗಳಿಗೂ ಸಲ್ಲುತ್ತದೆ. ಎಂಜಿನ್ನಿಗೆ ಬಾಯಿಯುಂಟು. ಅದರ ಎಣ್ಣೆಯ ಒತ್ತಡ ಇಳಿದರೆ ಚಾಲಕನ ಕಣ್ಣೆದುರಿಗೇ ಕೆಂಪು ದೀಪ ಹೊತ್ತಿಕೊಳ್ಳುತ್ತದೆ. ನೀರು ಕುದಿಯತೊಡಗಿದರೆ ಮುಳ್ಳು ಮೇಲೇರುತ್ತದೆ. ಟೈರು ಸವೆದಿದ್ದರೆ ದಾರಿಹೋಕನೂ ನಿಲ್ಲಿಸಿ ಎಚ್ಚರಿಕೆ ಹೇಳುತ್ತಾನೆ. ಆದರೆ ಪಿಕಪ್ ಗಾಡಿಯ ಹಿಂದಿನ ಎರಡು ಚಕ್ರಗಳ ನಡುವೆ ಕುಂಬಳಕಾಯಿಯಂತೆ ಉಬ್ಬಿಕೊಂಡಿರುವ ಕಬ್ಬಿಣದ ಗುಂಡೊಂದಿದೆಯಲ್ಲ, ಅದಕ್ಕೆ ದೀಪವಿಲ್ಲ, ಮುಳ್ಳಿಲ್ಲ, ಎಣ್ಣೆ ನೋಡುವುದಕ್ಕೆ ಅಳತೆಗೋಲೂ ಇಲ್ಲ. ಡಿಫರೆನ್ಷಿಯಲ್ ಎಂಬ ಆ ಅಂಗ ವರ್ಷಗಟ್ಟಲೆ ಮೌನವಾಗಿ ದುಡಿಯುತ್ತದೆ. ಅದು ಬಾಯ್ದೆರೆದು ಗೊಂಯ್ಗುಡತೊಡಗಿದ ದಿನ, ಎಣ್ಣೆಯಿಂದ ತೀರಬಹುದಾಗಿದ್ದ ಕೆಲಸ ಕಬ್ಬಿಣದ ಕೆಲಸವಾಗಿ ಪರಿಣಮಿಸಿರುತ್ತದೆ.

ಎತ್ತಿನ ಗಾಡಿಗೆ ಈ ತೊಡಕಿರಲಿಲ್ಲ. ಅಲ್ಲಿ ಎಳೆಯುವುದು ಎತ್ತು. ಚಕ್ರಗಳು ಅಚ್ಚಿನ ಎರಡು ತುದಿಗಳಲ್ಲಿ ತಮ್ಮ ಪಾಡಿಗೆ ತಾವು ಉರುಳುತ್ತವೆ. ಕೀಲೆಣ್ಣೆ ಒಣಗಿತೋ, ಗಾಡಿ ಕಿರುಗುಟ್ಟಿ ಊರಿಗೆಲ್ಲ ದೂರು ಹೇಳುತ್ತಿತ್ತು. ಮೋಟಾರು ವಾಹನದಲ್ಲಾದರೋ ಚಕ್ರವೇ ಎತ್ತು. ಎಂಜಿನ್ನಿನ ಬಲ ಒಂದೇ ದಂಡದಲ್ಲಿ ಹಿಂದಕ್ಕೆ ಬಂದು ಎರಡು ಚಕ್ರಗಳಿಗೆ ಹಂಚಿಕೆಯಾಗಬೇಕು. ನೇರ ದಾರಿಯಲ್ಲಿ ಹಂಚಿಕೆ ಸುಲಭ, ತಿರುವಿನಲ್ಲಿ ಹಾಗಲ್ಲ. ಚಕ್ರಗಳ ನಡುವಣ ಅಂತರ 1.4 ಮೀಟರ್ ಎಂದಿಟ್ಟುಕೊಂಡರೆ, ಬೀದಿಯ ಮೂಲೆಯಲ್ಲಿ ಗಾಡಿ ಒಂದು ಕಾಲುಸುತ್ತು ತಿರುಗುವಷ್ಟರಲ್ಲಿ ಹೊರಗಿನ ಚಕ್ರ ಒಳಗಿನ ಚಕ್ರಕ್ಕಿಂತ ಸುಮಾರು 2.2 ಮೀಟರ್ ಹೆಚ್ಚು ಓಡಬೇಕಾಗುತ್ತದೆ. ತಿರುವು ಕಿರಿದಾಗಲಿ ಹಿರಿದಾಗಲಿ, ಈ ವ್ಯತ್ಯಾಸ ಮಾತ್ರ ಬದಲಾಗದು. ಎರಡು ಚಕ್ರಗಳನ್ನೂ ಒಂದೇ ಸಮನೆ ತಿರುಗಿಸಿದರೆ ಟೈರು ನೆಲವನ್ನು ಉಜ್ಜಿ ಸವೆಯುತ್ತದೆ, ಅಚ್ಚು ತಿರುಚಿಕೊಳ್ಳುತ್ತದೆ. ಒಬ್ಬನನ್ನು ಓಡಗೊಟ್ಟು ಇನ್ನೊಬ್ಬನನ್ನು ನಿಧಾನಿಸಗೊಟ್ಟು, ಇಬ್ಬರಿಗೂ ಸಮನಾದ ಬಲವನ್ನೇ ಬಡಿಸುವ ಹಲ್ಲುಚಕ್ರಗಳ ಜಾಣ್ಮೆಗೆ ಡಿಫರೆನ್ಷಿಯಲ್ ಎಂದು ಹೆಸರು. ಫ್ರಾನ್ಸ್ ದೇಶದ ಒನೆಸಿಫೋರ್ ಪೆಕ್ಕರ್ ಎಂಬ ಗಡಿಯಾರದ ಕುಶಲಿ 1820ರ ದಶಕದ ಕೊನೆಯಲ್ಲಿ, ಪೆಟ್ರೋಲು ಎಂಜಿನ್ನಿನ ಕಾರು ಹುಟ್ಟುವುದಕ್ಕೆ ಎಷ್ಟೋ ಮೊದಲು, ಉಗಿಬಂಡಿಗಾಗಿ ಇದಕ್ಕೆ ಹಕ್ಕುಪತ್ರ ಪಡೆದಿದ್ದ.

ಗುಂಡಿನೊಳಗೆ ಕ್ರೌನ್ ಚಕ್ರವೆಂಬ ದೊಡ್ಡ ಹಲ್ಲುಚಕ್ರ, ಅದನ್ನು ತಿರುಗಿಸುವ ಪಿನಿಯನ್ ಎಂಬ ಚಿಕ್ಕದು. 1920ರ ದಶಕದಲ್ಲಿ ಅಮೆರಿಕದ ಗ್ಲೀಸನ್ ಸಂಸ್ಥೆ ರೂಪಿಸಿದ ಹೈಪಾಯ್ಡ್ ಎಂಬ ವಿನ್ಯಾಸದಲ್ಲಿ ಪಿನಿಯನ್ನಿನ ಸ್ಥಾನ ಕ್ರೌನ್ ಚಕ್ರದ ನಡುಗೆರೆಗಿಂತ ಕೆಳಗಿಳಿಯಿತು. ಗಾಡಿಯ ನೆಲ ತಗ್ಗಿತು, ಸದ್ದು ಅಡಗಿತು, ಹಲ್ಲುಗಳಿಗೂ ಬಲ ಬಂತು. ಆದರೆ ಪುಕ್ಕಟೆಯಾಗಿ ಬರುವ ಸುಖ ಯಾವುದು? ಈ ಹಲ್ಲುಗಳು ಒಂದರ ಮೇಲೊಂದು ಉರುಳುವುದಷ್ಟೇ ಅಲ್ಲ, ಉಜ್ಜಿಕೊಂಡು ಜಾರುತ್ತವೆ. ಸಾಧಾರಣ ಎಣ್ಣೆಯ ಪೊರೆ ಆ ಒತ್ತಡದಲ್ಲಿ ಒರೆಸಿಹೋಗುತ್ತದೆ. ಆದುದರಿಂದ ಗಂಧಕ, ರಂಜಕಗಳ ಸಂಯುಕ್ತಗಳನ್ನು ಬೆರೆಸಿದ ವಿಶೇಷ ಎಣ್ಣೆ ಬೇಕು. ಕಾದ ಉಕ್ಕಿನೊಡನೆ ಅವು ಕೂಡಿಕೊಂಡು ತೆಳುವಾದ ಪದರವೊಂದನ್ನು ಕಟ್ಟುತ್ತವೆ. ಹಲ್ಲು ಸವೆಯುವ ಬದಲು ಆ ಪದರ ಸವೆಯುತ್ತದೆ. ಗೇರ್ ಎಣ್ಣೆಗೆ ಬರುವ ಕೊಳೆತ ಮೊಟ್ಟೆಯಂಥ ವಾಸನೆಗೆ ಈ ಗಂಧಕವೇ ಕಾರಣ. ತಾನು ಸವೆದು ಇನ್ನೊಬ್ಬರನ್ನು ಉಳಿಸುವ ವಸ್ತು ಎಂದೋ ಒಂದು ದಿನ ತೀರಿಹೋಗಲೇಬೇಕಷ್ಟೆ.

ಪಟ್ಟಣದ ಗೃಹಿಣಿಗೆ ಇದರಿಂದ ಆಗಬೇಕಾದುದೇನು ಎಂದು ಯಾರಾದರೂ ಕೇಳಬಹುದು. ಬೆಳಗಾಗುವುದರೊಳಗೆ ಬೆಂಗಳೂರಿನ ಅಂಗಡಿಗೆ ಬಂದು ಕುಳಿತಿರುವ ಟೊಮೆಟೊ ತಾನಾಗಿ ನಡೆದು ಬಂದುದಲ್ಲ. ಕೋಲಾರದ ಸೀಮೆಯಿಂದ 70 ಕಿಲೋಮೀಟರ್ ದೂರ, ನಡುರಾತ್ರಿಯಲ್ಲಿ, ಯಾವನೋ ಒಬ್ಬ ಮಾಲೀಕ-ಚಾಲಕನ ಪಿಕಪ್ಪಿನಲ್ಲಿ ಅದು ಬಂದಿರುತ್ತದೆ. ಅಂಥವನೊಬ್ಬನ ಸಂಸಾರವನ್ನು ನೋಡಬಹುದು. ಸಾಲ ಮಾಡಿ ಕೊಂಡ ಗಾಡಿ. ತಿಂಗಳ ಐದನೆಯ ತಾರೀಖು ಕಂತು. ಪಿ.ಯು.ಸಿ. ಮುಗಿಸಿ ಕಾಲೇಜಿನ ಹೊಸ್ತಿಲಲ್ಲಿ ನಿಂತಿರುವ ಮಗಳು. ಗಾಡಿ ಒಂದು ವಾರ ನಿಂತರೆ ಮನೆಯ ಒಲೆಯೂ ಮಂದವಾಗುತ್ತದೆ. ಎಂಜಿನ್ನಿನ ಎಣ್ಣೆಯನ್ನು ಆತ ಒಂದು ದಿನವೂ ತಪ್ಪಿಸಿದವನಲ್ಲ. ಹಿಂದಿನ ಗುಂಡಿನ ಕಡೆಗೆ ಮಾತ್ರ ಒಮ್ಮೆಯೂ ಕಣ್ಣು ಹಾಯಿಸಿರಲಿಲ್ಲ.

ಅದನ್ನು ಕಂಡುಹಿಡಿದವಳು ಮನೆಯಾಕೆ. ಆಕೆ ಗಾಡಿಯ ಕೆಳಗೆ ಬಗ್ಗಿ ನೋಡಿದವಳಲ್ಲ, ಲೆಕ್ಕದ ಪುಸ್ತಕವನ್ನು ನೋಡಿದವಳು. ಹಾಲು, ದಿನಸಿ, ಡೀಸೆಲ್, ವಿಮೆ, ಕಂತು ಎಲ್ಲವೂ ಆ ಪುಸ್ತಕದಲ್ಲಿ ಆಕೆಯ ಕೈಬರಹದಲ್ಲೇ ಇದ್ದವು. ಗಾಡಿಯೊಂದಿಗೆ ಬಂದಿದ್ದ ಕೈಪಿಡಿಯನ್ನು ಮಗಳು ಒಂದು ಸಂಜೆ ಓದಿ ಅರ್ಥ ಹೇಳುತ್ತಿದ್ದಾಗ, ಗೇರ್ ಪೆಟ್ಟಿಗೆಗೂ ಹಿಂದಿನ ಅಚ್ಚಿಗೂ ಬೇರೆ ಬೇರೆ ಎಣ್ಣೆಯುಂಟು, ಇಂತಿಷ್ಟು ಸಾವಿರ ಕಿಲೋಮೀಟರಿಗೆ ಅದನ್ನು ಬದಲಿಸಬೇಕು ಎಂಬ ಮಾತು ಬಂತು. ಆಕೆ ಪುಟ ತಿರುವಿದಳು. ಮೂರು ವರ್ಷದ ಲೆಕ್ಕದಲ್ಲಿ ಅಂಥ ಕಲಮೇ ಇರಲಿಲ್ಲ.

“ಮುಂದಿನದಕ್ಕೆ ಅಷ್ಟು ಸಲ ಎಣ್ಣೆ ಬರೆದಿದೆ. ಹಿಂದಿನದಕ್ಕೆ ಒಂದು ಸಲವೂ ಇಲ್ಲವಲ್ಲ?”

“ಅದು ಕೇಳುವುದೇ ಇಲ್ಲ” ಎಂದ ಯಜಮಾನ.

“ಕೇಳದವರಿಗೆ ಬಡಿಸಬಾರದೆಂದು ಯಾವ ಶಾಸ್ತ್ರದಲ್ಲಿದೆ?”

ಆತ ಉತ್ತರಿಸಲಿಲ್ಲ. ಜೂನ್ ತಿಂಗಳು, ಕಾಲೇಜಿನ ಶುಲ್ಕ ಕಟ್ಟಬೇಕಾಗಿತ್ತು. ಶುಲ್ಕ ಮುಗಿಯಲಿ, ಆಮೇಲೆ ನೋಡೋಣವೆಂಬುದು ಆತನ ಎಣಿಕೆ. ಆಕೆಯ ಎಣಿಕೆಯೇ ಬೇರೆ. ಎಣ್ಣೆ, ವಾಷರು, ಕೂಲಿ ಎಲ್ಲ ಸೇರಿ ಒಂದೆರಡು ಬಾಡಿಗೆಯ ದುಡ್ಡು. ಕ್ರೌನ್, ಪಿನಿಯನ್, ಬೇರಿಂಗು ಕೆಟ್ಟರೆ ಶುಲ್ಕವನ್ನೂ ನುಂಗಿ ಕಂತಿಗೂ ಕೈಯಿಡುವ ಖರ್ಚು. ಅದೂ ಅಲ್ಲದೆ ಹಿಂದಿನ ವಾರವಷ್ಟೇ ಬೆಂಗಳೂರಿನ ಮಳೆಯಲ್ಲಿ, ಕೆಳಸೇತುವೆಯೊಂದರಲ್ಲಿ, ಅಚ್ಚು ಮುಳುಗುವಷ್ಟು ನೀರಿನ ನಡುವೆ ಗಾಡಿ ಅರ್ಧಗಂಟೆ ನಿಂತಿತ್ತೆಂದು ಆತನೇ ಹೇಳಿದ್ದನಲ್ಲವೆ?

ಆ ಮಾತು ನಾಟಿತು. ದೂರದ ಓಟದಿಂದ ಬಿಸಿಯಾದ ಗುಂಡು ತಟಕ್ಕನೆ ತಣ್ಣೀರಿನಲ್ಲಿ ಮುಳುಗಿದರೆ ಒಳಗಿನ ಗಾಳಿ ಕುಗ್ಗುತ್ತದೆ. ಕುಗ್ಗಿದ ಗಾಳಿಯ ಜಾಗಕ್ಕೆ ಹೊಸ ಗಾಳಿ ಸೇರಲೆಂದು ಉಸಿರುಗೊಳವೆಯೊಂದನ್ನು ಇಟ್ಟಿರುತ್ತಾರೆ. ಅದರ ಬಾಯಿಯೂ ನೀರೊಳಗಿದ್ದರೆ ಗುಂಡು ಗಾಳಿಯ ಬದಲು ನೀರನ್ನೇ ಹೀರುತ್ತದೆ. ನೀರು ಬೆರೆತ ಎಣ್ಣೆ ಹಲ್ಲುಗಳನ್ನು ಕಾಯಲಾರದು. ಗಾಡಿ ನಿಂತಾಗ ತುಕ್ಕು ಹಿಡಿಸುವ ಕೆಲಸವನ್ನೂ ಅದು ಮಾಡುತ್ತದೆ.

ಮರುದಿನವೇ ಗಾಡಿ ಹೆದ್ದಾರಿಯ ಬದಿಯ ದುರಸ್ತಿ ಶಾಲೆಗೆ ಹೋಯಿತು. ಅಲ್ಲಿನ ಮುದುಕ ಮೇಸ್ತ್ರಿ ಮೊದಲು ಗಾಡಿಯನ್ನು ಹತ್ತು ಕಿಲೋಮೀಟರ್ ಓಡಿಸಿ ತರಿಸಿದ. ಬಿಸಿಯಾದ ಎಣ್ಣೆ ಕೊಳೆಯೊಡನೆ ಚೆನ್ನಾಗಿ ಬಸಿದುಹೋಗುತ್ತದೆ. ಗಾಡಿಯನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಚಕ್ರಗಳಿಗೆ ಕಲ್ಲು ಕೊಟ್ಟು, ಕೆಳಗೆ ನುಸುಳಿದ. ಬಸಿಯುವ ಬಿರಡೆಗೆ ಕೈಯಿಟ್ಟ ಹುಡುಗನನ್ನು ತಡೆದು, ಮೇಲಿನ ತುಂಬುವ ಬಿರಡೆಯನ್ನು ಮೊದಲು ಬಿಚ್ಚಿಸಿದ. ತುಂಬುವ ಬಾಯಿ ತುಕ್ಕು ಹಿಡಿದು ತೆರೆಯದೆ ಹೋದರೆ, ಇದ್ದ ಎಣ್ಣೆಯನ್ನೂ ಬಸಿದ ಗಾಡಿ ನಿಂತಲ್ಲೇ ನಿಲ್ಲಬೇಕಾಗುತ್ತದೆ. ಈ ಒಂದು ಕ್ರಮವನ್ನು ಬಲ್ಲವನು ಅರ್ಧ ಮೇಸ್ತ್ರಿ.

ಬಾಣಲೆಗೆ ಇಳಿದ ಎಣ್ಣೆ ಹಾಲು ಹೆಚ್ಚಾದ ಕಾಫಿಯ ಬಣ್ಣದಲ್ಲಿತ್ತು. ಯಜಮಾನನ ಮುಖ ಬಾಡಿತು. ಮೇಸ್ತ್ರಿ ಏನೂ ಹೇಳದೆ ಬಿರಡೆಯ ತುದಿಯಲ್ಲಿದ್ದ ಅಯಸ್ಕಾಂತವನ್ನು ಹೆಬ್ಬೆರಳಿನಿಂದ ಒರೆಸಿ ಬೆಳಕಿಗೆ ಹಿಡಿದ. ವೈದ್ಯನಿಗೆ ನಾಡಿ ಹೇಗೋ ಹಾಗೆ ಈ ಕಸಬಿಗೆ ಅಯಸ್ಕಾಂತ. ಬೂದಿಯಂಥ ನುಣುಪಾದ ಲೇಪವಿದ್ದರೆ ಅದು ವಯಸ್ಸಿಗೆ ತಕ್ಕ ಸವೆತ. ಉಗುರಿಗೆ ಸಿಗುವ ಚೂರುಗಳಿದ್ದರೆ ಹಲ್ಲೋ ಬೇರಿಂಗೋ ಮುರಿಯುತ್ತಿದೆಯೆಂದು ಅರ್ಥ. ಹೆಬ್ಬೆರಳಿಗೆ ಬೂದಿಯಷ್ಟೇ ಹತ್ತಿತ್ತು. “ನೀರು ಕುಡಿದಿದೆ, ಆದರೆ ಕಾಯಿಲೆ ಮೂಳೆಗೆ ಇಳಿದಿಲ್ಲ” ಎಂದ ಮೇಸ್ತ್ರಿ.

ಇಲ್ಲಿಗೆ ಬಂದ ಮೇಲೆ ಅವಸರ ಮಾಡುವಂತಿಲ್ಲ. ಉಸಿರುಗೊಳವೆಯ ಕೆಸರು ತೆಗೆಯಬೇಕು. ಬಿರಡೆಗಳ ವಾಷರುಗಳನ್ನು ಹೊಸದಾಗಿ ಹಾಕಬೇಕು. ಹೊಸ ಎಣ್ಣೆಯನ್ನು ಕೈಪಂಪಿನಿಂದ, ತುಂಬುವ ತೂತಿನ ಕೆಳ ಅಂಚಿಗೆ ಬಂದು ತುಳುಕುವವರೆಗೆ ಹಾಕಿದರೆ ಸಾಕು. ಆ ತೂತೇ ಅಳತೆಗೋಲು. ಅಂಚು ಮೀರಿ ತುಂಬಿದರೆ ಎಣ್ಣೆ ಅಚ್ಚಿನ ತುದಿಯ ಸೀಲು ದಾಟಿ ಬ್ರೇಕಿನೊಳಗೆ ಇಳಿಯಬಹುದು. ಅದು ದುಡ್ಡಿನ ಪ್ರಶ್ನೆಯಲ್ಲ, ಪ್ರಾಣದ ಪ್ರಶ್ನೆ.

ಗೇರ್ ಪೆಟ್ಟಿಗೆಯ ಎಣ್ಣೆಯನ್ನೂ ಅಂದೇ ಬದಲಿಸಿದರು. ಉಳಿದ ಎಣ್ಣೆಯನ್ನೇ ಅಲ್ಲಿಗೂ ಸುರಿಯಿರೆಂದು ಯಜಮಾನ ಸೂಚಿಸಿದಾಗ ಮೇಸ್ತ್ರಿ ಕೈಪಿಡಿಯನ್ನು ಕೇಳಿದ. ಡಬ್ಬಿಯ ಮೇಲೆ ಜಿ.ಎಲ್.-4, ಜಿ.ಎಲ್.-5 ಎಂದು ಬರೆದಿರುವುದು ಪರೀಕ್ಷೆಯ ದರ್ಜೆಗಳಲ್ಲ. ಐದು ನಾಲ್ಕಕ್ಕಿಂತ ಎಲ್ಲೆಡೆಯೂ ಮೇಲೆಂದು ಭಾವಿಸಬಾರದು. ಹೈಪಾಯ್ಡ್ ಹಲ್ಲುಗಳಿಗೆ ಐದು ಬೇಕು. ಗೇರ್ ಪೆಟ್ಟಿಗೆಯಲ್ಲಿ ಹಿತ್ತಾಳೆಯ ಬಳೆಗಳಿರುವುದುಂಟು. ಕೆಲವು ಐದನೆಯ ದರ್ಜೆಯ ಎಣ್ಣೆಗಳಲ್ಲಿನ ಗಂಧಕ ಆ ಹಿತ್ತಾಳೆಯನ್ನೇ ತಿನ್ನಬಲ್ಲುದು. ನಾಲ್ಕು ಚಕ್ರಗಳಿಗೂ ಬಲ ಕೊಡುವ ಗಾಡಿಯಾದರೆ ಮುಂದಿನ ಅಚ್ಚಿಗೊಂದು ಡಿಫರೆನ್ಷಿಯಲ್, ನಡುವೆ ಹಂಚುವ ಪೆಟ್ಟಿಗೆಯೊಂದು ಬೇರೆ. ಅದರ ಎಣ್ಣೆಯ ಜಾತಿಯೇ ಬೇರೆಯಾಗಿರಬಹುದು. ಒಂದೇ ಮನೆಯವರಾದರೂ ಒಬ್ಬೊಬ್ಬರಿಗೆ ಒಂದೊಂದು ಪಥ್ಯ.

ಬಸಿದ ಎಣ್ಣೆಯನ್ನು ಚರಂಡಿಗೆ ಸುರಿಯಹೊರಟ ಹುಡುಗನಿಗೂ ಅಂದು ಒಂದು ಪಾಠವಾಯಿತು. ಚರಂಡಿ ಕೆರೆಗೆ ಸೇರುತ್ತದೆ. ಕೆರೆಯ ನೀರು ಅದೇ ಟೊಮೆಟೊ ತೋಟಕ್ಕೆ ಬರುತ್ತದೆ. ಭಾರತದ 2016ರ ಅಪಾಯಕಾರಿ ತ್ಯಾಜ್ಯಗಳ ನಿಯಮಗಳಲ್ಲಿ ಬಳಸಿದ ಎಣ್ಣೆಯೂ ಸೇರಿದೆ. ಮೇಸ್ತ್ರಿ ಅದನ್ನು ಪೀಪಾಯಿಗೆ ತುಂಬಿಸಿ, ಅನುಮತಿ ಪಡೆದ ಸಂಸ್ಕರಣೆಯವರಿಗೆಂದು ಎತ್ತಿಡಿಸಿದ. ಒಮ್ಮೆ ನೀರು ಕುಡಿದ ಗುಂಡಿನ ಮೂಲೆಗಳಲ್ಲಿ ತೇವ ಉಳಿದಿರುವುದು ಸಾಧ್ಯ. ಆದುದರಿಂದ ಸಾವಿರ ಕಿಲೋಮೀಟರಿನ ಬಳಿಕ ಮತ್ತೆ ಬಿಚ್ಚಿ ನೋಡಬೇಕೆಂದು ಹೇಳಿ ಕಳುಹಿಸಿದ.

ಆ ತಿಂಗಳು ಮನೆಯಲ್ಲಿ ಕೈ ಬಿಗಿಯಾಯಿತು. ಕಾಲೇಜಿನ ಶುಲ್ಕವನ್ನು ಎರಡು ಕಂತಿನಲ್ಲಿ ಕಟ್ಟಲು ಅವಕಾಶ ಬೇಡಿ ಮಗಳೇ ಅರ್ಜಿ ಬರೆದಳು, ಕಾಲೇಜಿನವರು ಒಪ್ಪಿದರು. ಹತ್ತಿರ ಹತ್ತಿರ ಎರಡು ವಾರದ ಓಟದ ನಂತರ ಮೇಸ್ತ್ರಿ ಮತ್ತೆ ಬಿರಡೆ ತೆಗೆದಾಗ ಎಣ್ಣೆ ಜೇನಿನ ಬಣ್ಣದಲ್ಲೇ ಇತ್ತು. ಸುದ್ದಿ ತಿಳಿದ ಮನೆಯಾಕೆ ಹಿಗ್ಗಲೂ ಇಲ್ಲ, ಗಂಡನನ್ನು ಹಂಗಿಸಲೂ ಇಲ್ಲ. ಲೆಕ್ಕದ ಪುಸ್ತಕದಲ್ಲಿ ದಿನಸಿಯ ಕೆಳಗೆ, ಶುಲ್ಕದ ಮೇಲೆ, “ಹಿಂದಿನ ಎಣ್ಣೆ” ಎಂಬ ಹೊಸ ಕಲಮನ್ನು ತೆರೆದು, ಅಂದಿನ ಮೈಲಿಗಡಿಯಾರದ ಅಂಕಿಯನ್ನೂ ಮುಂದೆ ಬದಲಿಸಬೇಕಾದ ಅಂಕಿಯನ್ನೂ ಎದುರುಬದುರಾಗಿ ಬರೆದು, ಹಾಲಿನವನು ಕೂಗಿದನೆಂದು ಎದ್ದು ಹೋದಳು.