ಬೆರಕೆ ಬೀಜದ ಪೊಟ್ಟಣ

ಆಗಸ್ಟ್ ತಿಂಗಳ ಫಲಪುಷ್ಪ ಪ್ರದರ್ಶನ ನೋಡಲು ಲಾಲ್‌ಬಾಗಿಗೆ ಹೋದವಳು ಬರಿಗೈಲಿ ಬರಬಾರದೆಂದು ಬೆರಕೆ ಹೂಬೀಜದ ಪೊಟ್ಟಣವೊಂದನ್ನು ಕೊಂಡು ತಂದೆ. ಮೇಲೆ ಬಣ್ಣಬಣ್ಣದ ಹೂಗಳ ಚಿತ್ರವಿತ್ತು. ಹೆಸರು ಮಾತ್ರ ಒಂದಕ್ಕೂ ಇರಲಿಲ್ಲ. ಮಾಕಳಿದುರ್ಗದ ನಮ್ಮ ಮನೆಯ ಮುಂದಿನ ಪಾತಿಯಲ್ಲಿ ರಾಗಿ ಚೆಲ್ಲಿದ ಹಾಗೆ ಚೆಲ್ಲಿದೆ.

ವಾರದೊಳಗೆ ಪಾತಿಯೆಲ್ಲ ಹಸಿರೋ ಹಸಿರು. ಪೇಚಾಟ ಶುರುವಾದದ್ದೇ ಆಮೇಲೆ. ಮಳೆಗೆ ನನ್ನ ಬೀಜದ ಜೊತೆ ನೆಲದೊಳಗಿನ ಕಳೆಯೂ ಎದ್ದಿತ್ತು. ಯಾವುದು ನೆಂಟ, ಯಾವುದು ಕಳ್ಳ?

ಜಗುಲಿಯ ಮೇಲಿದ್ದ ಅತ್ತೆ, "ನನ್ನನ್ನ ಪಾತಿ ಹತ್ತಿರ ಕೂರಿಸೇ, ನಾನು ನೋಡ್ತೀನಿ" ಎಂದರು. ರಾಗಿ ಹೊಲದಲ್ಲಿ ಕಳೆ ಕೀಳುತ್ತಲೇ ಆಯಸ್ಸು ಸವೆಸಿದವರು. ಸಕ್ಕರೆ ಕಾಯಿಲೆಯಿಂದ ಕಣ್ಣು ಮಂಜಾಗಿ ಎರಡು ವರ್ಷವಾಗಿತ್ತು. "ನಿಮಗೇನು ಕಾಣುತ್ತೆ, ಸುಮ್ಮನಿರಿ" ಎಂದುಬಿಟ್ಟೆ. ಅವರು ಸುಮ್ಮನಾದರು.

ಕಾಸ್ಮಾಸ್ ಎಲೆ ಸೀಳುಸೀಳಾಗಿರುತ್ತದೆಂದು ಕೇಳಿದ್ದೆ. ಸೀಳೆಲೆಯ ದಷ್ಟಪುಷ್ಟ ಗಿಡಗಳನ್ನು ಉಳಿಸಿ, ಒರಟೆಲೆಯವನ್ನು ಕಿತ್ತೆಸೆದೆ. ಗೊಬ್ಬರ ಹಾಕಿದೆ, ನೀರು ಹನಿಸಿದೆ. ಐದಾರು ವಾರಕ್ಕೆ ಗಿಡದ ತುಂಬ ಬಿಳಿಯ ಪುಟ್ಟ ಪುಟ್ಟ ಹೂ. ನಾನು ಸಾಕಿದ್ದು ಪಾರ್ಥೇನಿಯಂ! ಅಮೆರಿಕದ ಗೋಧಿಯ ಜೊತೆ ಬಂತೆಂದು ಹೇಳುವ, 1950ರ ದಶಕದಿಂದೀಚೆಗೆ ದೇಶವೆಲ್ಲ ಹಬ್ಬಿದ, ಮುಟ್ಟಿದರೆ ಕೆಲವರಿಗೆ ಮೈಯೆಲ್ಲ ತುರಿಸುವ ಕಾಂಗ್ರೆಸ್ ಗಿಡ. ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು, ಬೀಜ ಕಟ್ಟುವ ಮೊದಲೇ ಬೇರುಸಹಿತ ಕಿತ್ತೆ. ಮೂಲೆಯಲ್ಲಿ ಹತ್ತು ಹದಿನೈದು ಸಸಿಗಳಷ್ಟೇ ಉಳಿದವು.

ಅಂದು ಸಂಜೆ ನಾನಾಗಿಯೇ ಅತ್ತೆಯ ಕೈ ಹಿಡಿದು ಪಾತಿಯ ಬಳಿ ಕೂರಿಸಿದೆ. ಹಳೆಯ ಮಾತನ್ನು ಅವರು ಎತ್ತಲಿಲ್ಲ. ಒಂದು ಎಲೆ ಹೊಸಕಿ ಮೂಸಿ, "ಚೆಂಡು ಹೂ" ಎಂದರು. ನೀರು ತುಂಬಿದಂತಿದ್ದ ಕಾಂಡವನ್ನು ಸವರಿ, "ಕರ್ಣಕುಂಡಲ". ಇನ್ನೊಂದರ ಎಲೆ ಸಬ್ಬಸಿಗೆಯಂತೆ ನೂಲುನೂಲು. "ಸಬ್ಬಸಿಗೆ ವಾಸನೆ ಇಲ್ಲ, ಇದು ನನಗೆ ಗೊತ್ತಿಲ್ಲ". ಅದೇ ನನ್ನ ಕಾಸ್ಮಾಸ್. ಎದುರುಬದುರಾಗಿ ಕಾಂಡವನ್ನು ಅಪ್ಪಿಕೊಂಡಿದ್ದ ಒರಟೆಲೆಯದು ಜೀನಿಯಾ. ನಾನು ರಾಶಿರಾಶಿ ಎಸೆದದ್ದು ಅದನ್ನೇ.

"ನಾಲ್ಕು ಕಾಳನ್ನ ಬೇರೆ ಕುಂಡದಲ್ಲಿ, ಕಳೆಯಿಲ್ಲದ ಮಣ್ಣಲ್ಲಿ ಹಾಕಿದ್ದರೆ ಹೋಲಿಸಿ ನೋಡಬಹುದಿತ್ತು" ಎಂದರು. ಗೇಣಿಗೊಂದು ಗಿಡ ಬಿಡಿಸಿದರು. ನೀರು ಬುಡಕ್ಕೆ, ಎಲೆಗಲ್ಲ. ಜೀನಿಯಾ ಎಲೆ ನೆನೆದೇ ಇದ್ದರೆ ಚುಕ್ಕೆರೋಗ ಬರುವುದುಂಟು. ಬಾಡಿದ ಹೂ ಚಿವುಟಿದಷ್ಟೂ ಹೊಸ ಮೊಗ್ಗು.

ದೀಪಾವಳಿಯ ಹೊತ್ತಿಗೆ ಪಾತಿ ಅರಳಿತು. ಹೂ ಯಾವ ಬಣ್ಣದ್ದೆಂದು ಈಗ ದಿನವೂ ನಾನು ಹೇಳುತ್ತೇನೆ, ಅವರು ಕೇಳುತ್ತಾರೆ. ಕೊನೆಯ ಹೂಗಳನ್ನು ಗಿಡದಲ್ಲೇ ಒಣಗಿಸಿ, ಬೀಜವನ್ನು ಹಳೆಯ ಸೀರೆಯ ಚೂರುಗಳಲ್ಲಿ ಬೇರೆಬೇರೆ ಗಂಟು ಕಟ್ಟಿಟ್ಟಿದ್ದಾರೆ. ಯಾವ ಗಂಟಿನಲ್ಲಿ ಯಾವುದಿದೆಯೋ, ನನಗೆ ಗೊತ್ತಿಲ್ಲ. ಮುಂಗಾರು ಬಂದಾಗ ಅವರನ್ನೇ ಕೇಳಬೇಕು.